ಲೆಕ್ಕಕ್ಕೆ ಬಾರದ ತುತ್ತು



ಪುಣೆಯಲ್ಲೇ ಹುಟ್ಟಿ, ಇಲ್ಲಿನ ಶಾಲೆ ಕಾಲೇಜುಗಳಲ್ಲೇ ಓದಿ, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು ಎಂದು ಸಲೀಸಾಗಿ ನಾಲಿಗೆ ಹೊರಳಿಸುವ ನಿಮಗಾಗಿ ಈ ನಾಲ್ಕು ಮಾತು. ಕನ್ನಡ ಓದುವುದು ನಿಧಾನವಾದರೆ ಅಮ್ಮನ ಕೈಗೆ ಕೊಟ್ಟು ಓದಿಸಿಕೊಳ್ಳಿ. ಹಾಗೆ ಓದಿಸಿಕೊಂಡರೆ ಇನ್ನೂ ಒಳ್ಳೆಯದು. ಏಕೆಂಬುದು ಕೊನೆಗೆ ನಿಮಗೇ ತಿಳಿಯುತ್ತದೆ.

ಬರುವ ಸೋಮವಾರದಿಂದ ನಾವು ನಾಲ್ವರು ಗೆಳತಿಯರು ಪಥ್ಯ ಆರಂಭಿಸುತ್ತಿದ್ದೇವೆ. ನೀವು ಅದನ್ನು ಡಯಟ್ ಎನ್ನುತ್ತೀರಿ. ನಗಬೇಡಿ. "ಸೋಮವಾರದಿಂದ" ಎಂಬ ಮಾತನ್ನು ನಿಮ್ಮ ಅಮ್ಮಂದಿರ ಬಾಯಲ್ಲಿ ನೂರು ಸಲ ಕೇಳಿದ್ದೀರಿ ಎಂದು ನನಗೆ ಗೊತ್ತು. ನಾನೂ ನೂರು ಸಲ ಹೇಳಿದ್ದೇನೆ. ಶ್ರಾವಣದಲ್ಲಿ ಆರಂಭಿಸೋಣವೆಂದರೆ ಸಾಲು ಹಬ್ಬ, ಭಾದ್ರಪದದಲ್ಲಿ ಗಣಪತಿಯ ಮೋದಕ, ಆಮೇಲೆ ನವರಾತ್ರಿ, ಅದರ ಬೆನ್ನಿಗೆ ದೀಪಾವಳಿಯ ಚಕ್ಕುಲಿ ಶಂಕರಪಾಳೆ, ಸಂಕ್ರಾಂತಿಗೆ ಎಳ್ಳುಬೆಲ್ಲ, ಹೋಳಿಗೆ ಹೋಳಿಗೆ! ಪಂಚಾಂಗದಲ್ಲಿ ಮದುವೆಗೆ, ಮುಂಜಿಗೆ, ಮನೆ ಹೊಗುವುದಕ್ಕೆ ಮುಹೂರ್ತವುಂಟು. ಪಥ್ಯ ಹಿಡಿಯುವುದಕ್ಕೆ ಮಾತ್ರ ಯಾವ ಜೋಯಿಸರೂ ಮುಹೂರ್ತ ಇಟ್ಟುಕೊಟ್ಟಿಲ್ಲ.

ಈ ಸಲ ಸೋಮವಾರ ಬರುವ ಮೊದಲೇ ಮೂರು ವಾರ ಸಿದ್ಧತೆ ನಡೆಸಿದೆವು. ಆ ಮೂರು ವಾರಗಳಲ್ಲಿ ನಡೆದದ್ದನ್ನು ನಿಮಗೆ ಹೇಳಬೇಕೆನಿಸಿತು. ಪಥ್ಯದಿಂದ ನಮಗೆ ಏನಾಗುತ್ತದೋ ಕಾದು ನೋಡಬೇಕು. ಸಿದ್ಧತೆಯಿಂದಂತೂ ಆಗಬೇಕಾದದ್ದು ಕೆಲವು ಆಗಿಹೋಯಿತು.

ನಾವು ನಾಲ್ವರೂ ಕೊಂಢವಾದ ಒಂದೇ ಸೊಸೈಟಿಯವರು. ಒಬ್ಬರು ಉಡುಪಿಯ ಕಡೆಯವರು. ಯಜಮಾನರು ಹೋಟೆಲು ನಡೆಸಿ ಈಗ ಮಗನಿಗೆ ಒಪ್ಪಿಸಿದ್ದಾರೆ. ಇನ್ನೊಬ್ಬರು ಹಾಸನದವರು. ಮೂರನೆಯವರು ಕಲಬುರ್ಗಿಯ ಆಪಾ. ಕೌಸರ್ ಬಾಗಿನಲ್ಲಿ ಅವರ ತಂಗಿಯ ಮನೆ, ನಮ್ಮ ಸೊಸೈಟಿಯಲ್ಲಿ ಅವರದು. ನಾಲ್ಕನೆಯವಳು ಧಾರವಾಡದ ನಾನು. ಸಂಜೆ ಸೊಸೈಟಿಯ ತೋಟದಲ್ಲಿ ಹತ್ತು ಸುತ್ತು ನಡೆಯುತ್ತೇವೆ. ನಾಲ್ಕು ಸುತ್ತು ನಡಿಗೆ, ಆರು ಸುತ್ತು ಮಾತು ಎಂದು ನಮ್ಮವರು ಹಾಸ್ಯ ಮಾಡುತ್ತಾರೆ. ಮಾತಿನಲ್ಲಿ ಮಂಡಿನೋವು ಬರುತ್ತಿತ್ತು, ಸೊಂಟದ ಸುತ್ತಳತೆ ಬರುತ್ತಿತ್ತು, ಬ್ಲೌಸು ಬಿಗಿಯಾದದ್ದು ಬರುತ್ತಿತ್ತು. ಆಗಸ್ಟಿನಲ್ಲಿ ನನ್ನ ರಕ್ತಪರೀಕ್ಷೆಯ ಕಾಗದ ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯೊಂದಿದೆ. ಅದು 5.7ಕ್ಕಿಂತ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ನಡುವೆ ಇದ್ದರೆ ಹೊಸ್ತಿಲ ಮೇಲೆ ನಿಂತಂತೆ. ನನ್ನದು 6.3 ಇತ್ತು.

ತೋಟದ ಕಟ್ಟೆಯ ಮೇಲೆ ಕಾಗದ ತೋರಿಸಿದೆ. "ಹಾಗಾದ್ರೆ ಎಲ್ಲರೂ ಒಟ್ಟಿಗೆ ಶುರು ಮಾಡುವ ಮಾರಾಯ್ರೆ, ಒಬ್ಬರೇ ಮಾಡಿದ್ರೆ ಎರಡು ದಿನ" ಎಂದರು ಉಡುಪಿಯವರು. ಉಳಿದವರೂ ತಲೆಯಾಡಿಸಿದರು. ಹಾಸನದ ಅಕ್ಕ ಮಾತ್ರ ಸ್ವಲ್ಪ ತಡೆದು ತಲೆಯಾಡಿಸಿದರು. ಆಗ ನನಗೆ ಅದು ಗಮನಕ್ಕೆ ಬರಲಿಲ್ಲ.

ಎಲ್ಲರಂತೆ ನಾವೂ ಮೊದಲು ಮಾಡಿದ ಕೆಲಸ ಅಂಗಡಿಗೆ ಓಡಿದ್ದು. ಓಟ್ಸ್ ತಂದೆವು, ಕಿನ್ವಾ ತಂದೆವು, ಕಾಮಕಸ್ತೂರಿಯಂಥ ಚಿಯಾ ಬೀಜ ತಂದೆವು. ಬಿ.ಎ.ದಲ್ಲಿ ಇಂಗ್ಲಿಷು ಓದಿದ್ದೇನೆಂದು ಪೊಟ್ಟಣಗಳ ಮೇಲಿನ ಸಣ್ಣ ಅಕ್ಷರ ಓದುವ ಕೆಲಸ ನನ್ನ ಪಾಲಿಗೆ ಬಂತು. ಷೇಕ್ಸ್‌ಪಿಯರನನ್ನು ಓದಿದ್ದು ಈ ದಿನಕ್ಕಾಗಿಯೇ ಇರಬೇಕು! ಪೊಟ್ಟಣದಲ್ಲಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಮುದ್ರಿಸಬೇಕೆಂಬುದು ಕಾನೂನು. ಎಲ್ಲಕ್ಕಿಂತ ಹೆಚ್ಚಿರುವುದು ಮೊದಲು. "ಬಹುಧಾನ್ಯ" ಎಂದು ದೊಡ್ಡದಾಗಿ ಬರೆದು ತೆನೆಯ ಚಿತ್ರ ಹಾಕಿದ್ದ ಬಿಸ್ಕತ್ತಿನ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಧಾನ್ಯಗಳೆಲ್ಲ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದವು. ನೀವು ನನಗಿಂತ ಚೆನ್ನಾಗಿ ಇಂಗ್ಲಿಷು ಬಲ್ಲವರು. ಮುಂದಿನ ಸಲ ಕೊಳ್ಳುವ ಮುಂಚೆ ಪೊಟ್ಟಣದ ಬೆನ್ನು ತಿರುಗಿಸಿ ಓದಿ.

ಅಂಗಡಿಯಿಂದ ಬಂದ ಸಾಮಾನು ನೋಡಿ ಆಪಾ ನಕ್ಕರು. "ಇಷ್ಟ ದುಬಾರಿದು ಯಾಕ್ರೀ? ನಮ್ಮ ಮನಿಯೊಳಗ ಜ್ವಾಳ ಇಲ್ಲೇನು?" ಎಂದರು. ನಿಜವೇ. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಮ್ಮಲ್ಲಿ ಅದಕ್ಕಿಂತ ಬಹಳ ಹಿಂದೆಯೇ ಕನಕದಾಸರು 'ರಾಮಧಾನ್ಯ ಚರಿತ್ರೆ' ಬರೆದಿದ್ದರು. ಅಕ್ಕಿಗೂ ರಾಗಿಗೂ ತಾನು ಮೇಲು ತಾನು ಮೇಲು ಎಂದು ಜಗಳವಾಗಿ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ ಕತೆ ಅದು. ಸೆರೆ ಬಿಡಿಸಿದಾಗ ಅಕ್ಕಿ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ರಾಮ ಅದಕ್ಕೆ ತನ್ನ ರಾಘವನೆಂಬ ಹೆಸರನ್ನೇ ಕೊಟ್ಟ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರಕ್ಕೂ ಹೆಚ್ಚು ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು.

ರಾಗಿ ಎಂದರೆ ಮುಖ ನೋಡುವ ನಿಮ್ಮಲ್ಲಿ ಕೆಲವರಿಗೆ ನಾಚಣಿ ಎಂದರೆ ಥಟ್ಟನೆ ತಿಳಿಯುತ್ತದೆ. ಎರಡೂ ಒಂದೇ. ನೀವು ಭಾಕರಿ ಎನ್ನುವುದು ನಮ್ಮ ಜೋಳದ ರೊಟ್ಟಿ. ಬಾಜರಿ ನಮ್ಮ ಸಜ್ಜೆ. ಅಂಬಾಡಿ ನಮ್ಮ ಪುಂಡಿಪಲ್ಲೆ, ಶೇಪು ನಮ್ಮ ಸಬ್ಬಸಿಗೆ. ಏಕಾದಶಿಗೆ ನಿಮ್ಮ ಗೆಳೆಯರ ಮನೆಯಲ್ಲಿ ಶೇಂಗಾದ ಆಮಟಿಯ ಜೊತೆ ಬಡಿಸುವ ವರೀ ಅನ್ನವಿದೆಯಲ್ಲ, ಅದು ಸಾಮೆ, ಊದಲುಗಳಂಥ ಕಿರುಧಾನ್ಯವೇ. ಕೊಂಢವಾದ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಒಂದು ಮಾತು. ರಾಗಿಯಾಗಲಿ ಜೋಳವಾಗಲಿ ಮಂತ್ರದ ಕಾಳಲ್ಲ, ಅವುಗಳಲ್ಲೂ ಪಿಷ್ಟವಿದೆ. ಎರಡು ರೊಟ್ಟಿ ತಿನ್ನುವಲ್ಲಿ "ಜೋಳದ್ದಲ್ಲವೇ" ಎಂದು ನಾಲ್ಕು ತಿಂದರೆ ಲಾಭವಿಲ್ಲ.

ನಮ್ಮ ಸಿದ್ಧತೆಯ ದಾರಿ ತಿದ್ದಿದವಳು ಉಡುಪಿಯವರ ಸೊಸೆ. ಆಹಾರಶಾಸ್ತ್ರ ಓದಿದ ಹುಡುಗಿ, ನಿಮ್ಮದೇ ವಯಸ್ಸಿನವಳು. ನಾವು ತಂದ ಪೊಟ್ಟಣಗಳನ್ನೆಲ್ಲ ಪಕ್ಕಕ್ಕಿಟ್ಟು, ನಾಲ್ವರಿಗೂ ಒಂದೊಂದು ನೂರು ಪುಟದ ನೋಟುಬುಕ್ಕು ಕೊಟ್ಟಳು. "ಆಂಟಿ, ಒಂದು ವಾರ ಏನನ್ನೂ ಬಿಡಬೇಡಿ, ಏನನ್ನೂ ಬದಲಿಸಬೇಡಿ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಎಲ್ಲಿ ತಿಂದಿರಿ, ಕುಳಿತೋ ನಿಂತೋ, ಅದನ್ನೂ ಬರೆಯಿರಿ" ಎಂದಳು.

"ಎಂಥದ್ದು, ಚಟ್ನಿಗೆ ಉಪ್ಪು ಸರಿ ಉಂಟಾ ನೋಡಿದ್ದನ್ನೂ ಬರೀಬೇಕಾ?" ಎಂದು ಅತ್ತೆ ಕೇಳಿದರು.

"ಅದನ್ನೇ ಮೊದಲು ಬರೀಬೇಕು ಅತ್ತೆ" ಎಂದಳು ಸೊಸೆ.

ಬರೆದೆ. ಮೊದಲ ದಿನ ಬಹಳ ಹೆಮ್ಮೆಯಿಂದ ಬರೆದೆ. ಬೆಳಿಗ್ಗೆ ಅವಲಕ್ಕಿ ಒಂದು ಬಟ್ಟಲು, ಮಧ್ಯಾಹ್ನ ಎರಡು ಚಪಾತಿ, ಪಲ್ಲೆ, ಸ್ವಲ್ಪ ಅನ್ನ ಸಾರು, ರಾತ್ರಿ ಒಂದು ಚಪಾತಿ, ಮಜ್ಜಿಗೆ. ಇಷ್ಟು ಕಡಿಮೆ ತಿಂದೂ ಈ ತೂಕವೇ ಎಂದು ದೇವರ ಮೇಲೆ ಸಿಟ್ಟೇ ಬಂತು. ಎರಡನೆಯ ದಿನದಿಂದ "ನಿಂತು" ಎಂಬ ಪುಟ ಬೇರೆ ಮಾಡಿದೆ. ಡಬ್ಬಿಗೆ ಹಾಕಿ ಉಳಿದ ಚಪಾತಿಯ ಅರ್ಧ. ಮಗಳು ಬಿಟ್ಟುಹೋದ ಉಪ್ಪಿಟ್ಟು, ಚೆಲ್ಲಬಾರದೆಂದು. ಪಾತ್ರೆಯ ತಳದಲ್ಲಿ ಉಳಿದ ನಾಲ್ಕು ಚಮಚ ಅನ್ನ, ಒಂದು ಡಬ್ಬಿಗೆ ಸಾಲದು, ಚೆಲ್ಲಲು ಮನಸ್ಸಿಲ್ಲ. ಚಹಾದ ಜೊತೆ ಎರಡು ಬಿಸ್ಕತ್ತು. ಕರಿಯುವಾಗ ಬೆಂದಿದೆಯೋ ಎಂದು ಒಂದು ಹಪ್ಪಳ. ಯಜಮಾನರಿಗೆ ಹಾಕಿಕೊಟ್ಟ ಶೇವು ಡಬ್ಬಿ ಮುಚ್ಚುವ ಮುಂಚೆ ಒಂದು ಮುಷ್ಟಿ. ರಾತ್ರಿ ಎಲ್ಲರ ಊಟವಾದ ಮೇಲೆ ಉಳಿದ ಕೆನೆಮೊಸರು.

ವಾರದ ಕೊನೆಗೆ ನಾಲ್ವರ ಪುಸ್ತಕಗಳನ್ನೂ ಹರಡಿಕೊಂಡು ಕುಳಿತೆವು. ಕುಳಿತು ಉಂಡದ್ದು ನಾಲ್ವರದೂ ಮಿತವಾಗಿಯೇ ಇತ್ತು. ನಿಂತು ತಿಂದದ್ದು ನನ್ನ ಪುಸ್ತಕದಲ್ಲಿ ಇನ್ನೊಂದು ಪೂರ್ತಿ ಊಟವಾಗುವಷ್ಟಿತ್ತು. ಆಪಾ ಅವರದೂ ಹಾಗೆಯೇ. ಉಡುಪಿಯವರದು ಕಾಯಿ ತುರಿಯುವಾಗ ಬಾಯಿಗೆ ಹೋದ ಕೊಬ್ಬರಿಯೇ ದಿನಕ್ಕೆ ಅರ್ಧ ಹೋಳು. ಇದನ್ನು ನಾವು ಯಾರೂ ಊಟವೆಂದು ಎಣಿಸಿರಲೇ ಇಲ್ಲ. ಹೊಟ್ಟೆ ಮಾತ್ರ ಎಣಿಸಿತ್ತು.

ಮಕ್ಕಳೇ, ಈ ಅಭ್ಯಾಸ ಎಲ್ಲಿಂದ ಬಂತೆಂದು ಆ ರಾತ್ರಿ ಯೋಚಿಸಿದೆ. ನನ್ನ ಅವ್ವ ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ತನಗೆಂದು ಬಿಸಿ ಮಾಡಿಕೊಂಡದ್ದನ್ನು ನಾನು ಕಾಣೆ. ಉಳಿದದ್ದೇ ಅವಳ ಊಟ. ನಾನು ಕೈಗೂಸಾಗಿದ್ದಾಗ 1972ರ ಬರ ಬಂತು. ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಬೆಳೆ ಒಣಗಿ, ಜನ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದರು. ಆ ದಿನಗಳನ್ನು ಕಂಡ ಅವ್ವ ತಾಟಿನಲ್ಲಿ ಒಂದು ಅಗುಳು ಬಿಟ್ಟರೂ ಬಯ್ಯುತ್ತಿದ್ದಳು. ಅವಳದು ತಪ್ಪಲ್ಲ. ಅಂದು ಉಳಿಯುತ್ತಿದ್ದುದೇ ಕಡಿಮೆ, ದಿನವಿಡೀ ಬಾವಿ, ಬೀಸುಕಲ್ಲು, ಒರಳಿನ ದುಡಿಮೆ. ನಮ್ಮ ಮನೆಗಳಲ್ಲಿ ಈಗ ಮಿಕ್ಸರಿದೆ, ನಲ್ಲಿಯಿದೆ, ಉಳಿಯುವುದೂ ಹೆಚ್ಚು. ಅವ್ವನ ನಿಯಮ ಮಾತ್ರ ಹಾಗೇ ಇದೆ. ಚೆಲ್ಲಬಾರದೆಂದು ನಾವು ನಮ್ಮ ಹೊಟ್ಟೆಯನ್ನೇ ಡಬ್ಬಿ ಮಾಡಿಕೊಂಡಿದ್ದೇವೆ.

ಸೊಸೆ ಇನ್ನೊಂದು ಲೆಕ್ಕವನ್ನೂ ಮಾಡಿಸಿದಳು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹದಿನೇಳು ಆಹಾರಸೂತ್ರಗಳನ್ನು ಹೊರತಂದಿತು. ದಿನಕ್ಕೆ ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ಅದು ಹೇಳುವ ಅಳತೆ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಶೇಂಗಾ ಬಾದಾಮಿಯಂಥವು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ನಮ್ಮದು ಮೂವರ ಮನೆ. ತಿಂಗಳಿಗೆ ಐದು ಲೀಟರಿನ ಎಣ್ಣೆ ಡಬ್ಬ ಖಾಲಿಯಾಗುತ್ತದೆ. ತೂಕದಲ್ಲಿ ನಾಲ್ಕೂವರೆ ಕಿಲೋ. ಮೂವರಿಗೆ, ಮೂವತ್ತು ದಿನಕ್ಕೆ ಭಾಗಿಸಿದರೆ ತಲೆಗೆ ದಿನಕ್ಕೆ 50 ಗ್ರಾಂ. ತುಪ್ಪ ಇನ್ನೂ ಬೇರೆ. ಉಪ್ಪು ತಿಂಗಳಿಗೆ ಒಂದು ಕಿಲೋ, ಅಂದರೆ ತಲೆಗೆ ಹನ್ನೊಂದು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಐದು ಗ್ರಾಮಿಗಿಂತ ಕಡಿಮೆ. ತರಕಾರಿ ಮಾತ್ರ ಮೂವರಿಗೆ ದಿನಕ್ಕೆ ಒಂದು ಕಿಲೋ ಇನ್ನೂರು ಗ್ರಾಂ ಬೇಕಿತ್ತು. ನಾನು ತರುತ್ತಿದ್ದದ್ದು ಅರ್ಧ ಕಿಲೋ. "ನಾವು ಸಸ್ಯಾಹಾರಿಗಳು" ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಸಸ್ಯವನ್ನು ಅರ್ಧಕ್ಕಿಂತ ಕಡಿಮೆ ತಿಂದೆ!

ನಿಮ್ಮ ಮನೆಯಲ್ಲೂ ಈ ಲೆಕ್ಕ ಮಾಡಿ ನೋಡಿ. ಕಿರಾಣಿ ಚೀಟಿ ಸಾಕು, ಬೇರೆ ಯಂತ್ರ ಬೇಡ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎರಡನೆಯ ವಾರ ನಮ್ಮ ಉತ್ಸಾಹ ಏರಿತ್ತು. ರಾತ್ರಿ ಏಳಕ್ಕೆ ಊಟ ಮುಗಿಸಿ, ಮರುದಿನ ಹನ್ನೊಂದರವರೆಗೆ ಏನನ್ನೂ ತಿನ್ನದೆ ಹದಿನಾರು ಗಂಟೆ ಉಪವಾಸ ಮಾಡುವುದೆಂದು ನಾನೇ ಸೂಚಿಸಿದೆ. ನೀವೂ ಜಿಮ್ಮಿನಲ್ಲಿ ಇದನ್ನು ಕೇಳಿರುತ್ತೀರಿ. ಉಡುಪಿಯವರು ಏಕಾದಶಿ ಮಾಡುವವರು, ಒಪ್ಪಿದರು. ಆಪಾ ಅವರಿಗೆ ರೋಜಾ ಅಭ್ಯಾಸ, ಅವರಿಗೇನು ಕಷ್ಟ ಎಂದುಕೊಂಡೆ. ಆದರೆ ತಡೆದವರು ಅವರೇ.

"ನಮ್ಮ ಕಡಿ ಬ್ಯಾನಿ ಇದ್ದೋರು ರೋಜಾ ಹಿಡೀಲೇಬೇಕಂತ ಇಲ್ರೀ. ಗುಳಿಗಿ ತಗೊಳ್ಳೋರು ರಮಜಾನದಕಿಂತ ಮೊದ್ಲ ಡಾಕ್ಟರನ್ನ ಕೇಳ್ತಾರ. ನಮ್ಮೊಳಗ ಗುಳಿಗಿ ತಗೊಳ್ಳೋರು ಯಾರಿದ್ದೀರಿ, ಮೊದ್ಲ ಅದನ್ನ ಹೇಳ್ರಿ" ಎಂದರು.

ಉಡುಪಿಯವರು ರಕ್ತದೊತ್ತಡದ ಮಾತ್ರೆ ಎಂದರು. ನನ್ನದು ಥೈರಾಯಿಡ್. ಹಾಸನದ ಅಕ್ಕ ಸೆರಗಿನ ತುದಿ ಸುತ್ತುತ್ತ ಕುಳಿತಿದ್ದರು. ಅವರ ನೋಟುಬುಕ್ಕಿನಲ್ಲಿ ಅರ್ಧ ಪುಟಗಳು ಖಾಲಿಯಿದ್ದದ್ದು ಆಗ ನನಗೆ ನೆನಪಾಯಿತು.

"ನಂಗೆ ಮೂರು ವರ್ಷದಿಂದ ಶುಗರ್ ಇದೆ ಕಣ್ರೀ" ಎಂದರು. "ಯಜಮಾನ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮಕ್ಕಳಿಗೂ ಹೇಳಿಲ್ಲ."

ಯಾಕೆ ಹೇಳಲಿಲ್ಲವೆಂದು ನಾನು ಕೇಳಿದೆ. ಕೇಳಬಾರದಿತ್ತೇನೋ.

"ಮಗಳಿಗೆ ಸಂಬಂಧ ನೋಡ್ತಿದ್ವಿ. ತಾಯಿಗೆ ಶುಗರ್ ಅಂದ್ರೆ ನಾಳೆ ಮಗಳಿಗೂ ಬರುತ್ತೆ ಅಂತ ಹುಡುಗನ ಮನೆಯೋರು ಅಂದ್ಕೊಂಡ್ರೆ? ಮದುವೆ ಆಯ್ತು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ. ಮಾತ್ರೆ ಸಾಸಿವೆ ಡಬ್ಬದ ಹಿಂದೆ ಇಟ್ಟಿದೀನಿ."

ನಮ್ಮ ಮನೆಗೆ ಬಂದಾಗಲೆಲ್ಲ ಈ ಅಕ್ಕನಿಗೆ ನಾನೇ ಬಲವಂತ ಮಾಡಿ ಹೋಳಿಗೆಯ ಮೇಲೆ ತುಪ್ಪ ಸುರಿದಿದ್ದೇನೆ. ಅವರು ನಕ್ಕು ತಿಂದಿದ್ದಾರೆ. ಆಗ ನನಗಾದ ಸಂಕಟ ಹೇಳತೀರದು.

ಮರುದಿನ ನಾನೂ ಆಪಾ ಅವರೂ ಜೊತೆಗೆ ಹೋಗಿ ಅವರನ್ನು ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಹೇಳಿದ್ದನ್ನು ಕೇಳಿ ನನ್ನ ಕೈಕಾಲು ತಣ್ಣಗಾದವು. ಅಕ್ಕ ತೆಗೆದುಕೊಳ್ಳುವ ಮಾತ್ರೆ ಊಟ ಮಾಡಿದರೂ ಮಾಡದಿದ್ದರೂ ಸಕ್ಕರೆಯನ್ನು ಇಳಿಸುವ ಜಾತಿಯದು. ಅದನ್ನು ನುಂಗಿ ಹದಿನಾರು ಗಂಟೆ ಉಪವಾಸವಿದ್ದರೆ ಸಕ್ಕರೆ ಅತಿಯಾಗಿ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. ಎಚ್ಚರ ತಪ್ಪುವುದೂ ಉಂಟು. ನಮ್ಮ ಜೊತೆ ಬಿಟ್ಟುಕೊಡಬಾರದೆಂದು ಅಕ್ಕ ಬಾಯಿ ಮುಚ್ಚಿಕೊಂಡು ಉಪವಾಸ ಮಾಡಿಬಿಡುತ್ತಿದ್ದರು. ಅವರೇ ಹಾಗೆಂದರು. ಗೆಳತಿಯರ ಸಂತೋಷಕ್ಕಾಗಿ ಹೋಳಿಗೆ ತಿಂದವರು ಗೆಳತಿಯರ ಸಂತೋಷಕ್ಕಾಗಿ ಉಪವಾಸವನ್ನೂ ಮಾಡುತ್ತಾರೆ. ಆದ್ದರಿಂದ ನಿಮ್ಮಲ್ಲಿ ಯಾರಾದರೂ ಮನೆಯ ಹಿರಿಯರಿಗೆ "ಆಂಟಿ, ಈ ಡಯಟ್ ಮಾಡಿ, ಆ ಉಪವಾಸ ಮಾಡಿ" ಎಂದು ಫೋನಿನಲ್ಲಿ ನೋಡಿದ್ದನ್ನು ಹೇಳುವ ಮೊದಲು ಅವರ ಮಾತ್ರೆಯ ಚೀಟಿ ನೋಡಿ, ಡಾಕ್ಟರನ್ನು ಕೇಳಿ.

ಅಕ್ಕ ಅದೇ ವಾರ ಮಗಳಿಗೂ ಮಗನಿಗೂ ಫೋನು ಮಾಡಿ ಹೇಳಿದರು. ಮಗಳು ಅತ್ತಳಂತೆ, ಆಮೇಲೆ ಬೈದಳಂತೆ. ಇದನ್ನು ಬರೆಯಲು ಅಕ್ಕನ ಒಪ್ಪಿಗೆಯಿದೆ. "ಬರೀರಿ, ಬೇರೆ ಮನೆಯ ಸಾಸಿವೆ ಡಬ್ಬದ ಹಿಂದೆಯೂ ಏನಾದ್ರೂ ಇದ್ದೀತು" ಎಂದವರು ಅವರೇ.

ಆ ರಾತ್ರಿ ನಾನು ನನ್ನ ಮಗಳಿಗೆ ಈ ಸಂಗತಿ ಹೇಳಿದೆ. ಅವಳಿಗೆ ಇಪ್ಪತ್ತಾರು. ಸಣಕಲು ಎನ್ನುವಂಥ ಮೈಕಟ್ಟು. ತಿಂದದ್ದೆಲ್ಲ ಎಲ್ಲಿ ಹೋಗುತ್ತದೋ ಎಂದು ನಾವೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದೆವು. ಕಂಪ್ಯೂಟರಿನ ಕೆಲಸ, ಹಗಲೆಲ್ಲ ಕುಳಿತೇ. ಮಧ್ಯರಾತ್ರಿ ಫೋನಿನಲ್ಲಿ ತರಿಸಿದ ತಿಂಡಿ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಹೋಗಿ ಒಂದು ಕಾಗದ ತಂದಳು. ಆಫೀಸಿನವರು ಮಾಡಿಸಿದ್ದ ತಪಾಸಣೆ, ಐದು ತಿಂಗಳ ಹಿಂದಿನದು. ಅವಳದು 5.9. ನನ್ನದೇ ಹೊಸ್ತಿಲು.

"ನಿನಗೆ ಟೆನ್ಶನ್ ಆಗ್ತದ ಅಂತ ಹೇಳಲಿಲ್ಲಮ್ಮಾ. ಮತ್ತ ನಾನು ತೆಳ್ಳಗಿದೀನಿ, ತಪ್ಪು ಬಂದಿರಬೇಕು ಅಂದ್ಕೊಂಡೆ."

ತೆಳ್ಳಗಿದ್ದರೆ ಭಯವಿಲ್ಲವೆಂಬ ಈ ನಂಬಿಕೆ ತಪ್ಪೆಂದು ತೋರಿಸಿಕೊಟ್ಟದ್ದು ನಮ್ಮ ಪುಣೆಯೇ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು 1993ರಿಂದ ಪುಣೆಯ ಸುತ್ತಲಿನ ಹಳ್ಳಿಗಳ ತಾಯಂದಿರನ್ನೂ ಅವರ ಮಕ್ಕಳನ್ನೂ ಅಭ್ಯಾಸ ಮಾಡುತ್ತ ಬಂದರು. ಇಲ್ಲಿ ಹುಟ್ಟುವ ಕೂಸಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸಿನದು 3.5 ಕಿಲೋ. ಆದರೆ ನಮ್ಮ ಕೂಸಿನಲ್ಲಿ ಕಡಿಮೆಯಿದ್ದದ್ದು ಸ್ನಾಯು. ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿರಲಿಲ್ಲ. ಇದಕ್ಕೆ ಅವರು "ತೆಳ್ಳನೆಯ ಕೊಬ್ಬಿನ" ಭಾರತೀಯ ಕೂಸು ಎಂಬ ಅರ್ಥದ ಹೆಸರಿಟ್ಟರು. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೂ ತಮ್ಮ ಇಂಗ್ಲಿಷ್ ಗೆಳೆಯ ಯುಡ್ಕಿನ್ ಅವರದೂ ಫೋಟೊ ಅಕ್ಕಪಕ್ಕ ಹಾಕಿದರು. ಇಬ್ಬರ ಎತ್ತರ ತೂಕದ ಸೂಚ್ಯಂಕ, ನೀವು ಬಿ.ಎಂ.ಐ. ಎನ್ನುವುದು, ಒಂದೇ: 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕರ ಮೈಯಲ್ಲಿ ಶೇಕಡಾ 21.2! ಆದ್ದರಿಂದಲೇ ನಮ್ಮವರಿಗೆ ಅಪಾಯದ ಗೆರೆಯನ್ನು ಕೆಳಗೆ ಎಳೆದಿದ್ದಾರೆ. ಸೂಚ್ಯಂಕ 23 ದಾಟಿದರೆ ತೂಕ ಹೆಚ್ಚು. ಸೊಂಟದ ಸುತ್ತಳತೆ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ತಕ್ಕಡಿಗಿಂತ ದರ್ಜಿಯ ಟೇಪು ನಂಬಿಗಸ್ತ.

ನನ್ನ ಅವ್ವನೂ ತೆಳ್ಳಗಿದ್ದಳು. ಕಾಲ್ಬೆರಳಿನ ಗಾಯ ತಿಂಗಳುಗಟ್ಟಲೆ ಮಾಯದೆ, ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಸಕ್ಕರೆ ಕಾಯಿಲೆ ಇದೆಯೆಂದು ನಮಗೆ ತಿಳಿದದ್ದೇ ಆಗ. ಇದನ್ನು ನನ್ನ ಮಗಳಿಗೆ ನಾನು ಅಂದಿನವರೆಗೆ ಹೇಳಿರಲಿಲ್ಲ. ಅಜ್ಜಿಯ ಕಾಲಿಗೆ ಏನೋ ಪೆಟ್ಟಾಗಿತ್ತು ಎಂದಷ್ಟೇ ಅವಳಿಗೆ ಗೊತ್ತಿತ್ತು. ಹಾಸನದ ಅಕ್ಕ ಮುಚ್ಚಿಟ್ಟರೆಂದು ಮನಸ್ಸಿನಲ್ಲೇ ಆಕ್ಷೇಪಿಸಿದ್ದೆನಲ್ಲ, ನಾನು ಮಾಡಿದ್ದೂ ಅದನ್ನೇ. ಅಜ್ಜಿ, ತಾಯಿ, ಮಗಳು ಮೂವರ ಕಾಗದಗಳನ್ನು ಒಂದೇ ಮೇಜಿನ ಮೇಲೆ ಇಟ್ಟಿದ್ದರೆ ಐದು ವರ್ಷ ಮೊದಲೇ ಎಚ್ಚರವಾಗುತ್ತಿತ್ತು.

ಹೆದರಿಸಲೆಂದು ಇದನ್ನು ಬರೆಯಲಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆಯಿದೆ, 13.6 ಕೋಟಿ ಜನ ನಮ್ಮಂತೆ ಹೊಸ್ತಿಲ ಮೇಲಿದ್ದಾರೆ. ಹೊಸ್ತಿಲಿನಿಂದ ಹಿಂದೆ ಬರುವವರೂ ಇದ್ದಾರೆ. ಚೆನ್ನೈಯ ಡಾ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ತಿದ್ದಿಕೊಂಡು ನಡಿಗೆ ರೂಢಿಸಿಕೊಂಡದ್ದರಿಂದಲೇ ಕಾಯಿಲೆಗೆ ತಿರುಗುವ ಸಂಭವ ಶೇಕಡಾ 28ರಷ್ಟು ಇಳಿದಿತ್ತು.

ಹೀಗೆ ನಾಲ್ವರ ಯೋಜನೆ ಈಗ ಐವರದಾಗಿದೆ, ನನ್ನ ಮಗಳೂ ಸೇರಿದ್ದಾಳೆ. ಹದಿನಾರು ಗಂಟೆಯ ಉಪವಾಸವನ್ನು ಕೈಬಿಟ್ಟೆವು. ಉಳಿದದ್ದು ಇಷ್ಟು. ಒಂದು, ನಿಂತು ತಿನ್ನುವಂತಿಲ್ಲ. ಒಂದು ಶೇಂಗಾ ಬೀಜವಾದರೂ ತಾಟಿಗೆ ಹಾಕಿಕೊಂಡು ಕುಳಿತೇ ತಿನ್ನಬೇಕು. ಎರಡು, ತಾಟಿನ ಅರ್ಧ ಭಾಗ ಪಲ್ಲೆ, ಕೋಸಂಬರಿ. ಅದನ್ನು ಮೊದಲು ಬಡಿಸಿ ಉಳಿದ ಜಾಗದಲ್ಲಿ ರೊಟ್ಟಿಯೋ ಅನ್ನವೋ ಬೇಳೆಯೋ. ಮೂರು, ಸೋಮವಾರ ಬೆಳಿಗ್ಗೆ ಮೂವರ ವಾರದ ಎಣ್ಣೆ, ಆರುನೂರು ಮಿಲಿಲೀಟರಿನಷ್ಟು, ಒಂದು ಬಾಟಲಿಗೆ ಅಳೆದು ಹಾಕುವುದು, ಭಾನುವಾರದವರೆಗೆ ಅಷ್ಟೇ. ನಾಲ್ಕು, ಉಳಿದ ಅಡುಗೆ ಫ್ರಿಜ್ಜಿಗೆ, ಮರುದಿನ ಮನೆಯವರೆಲ್ಲರ ತಾಟಿಗೆ. ಅಡುಗೆ ಮಾಡಿದವಳ ಹೊಟ್ಟೆಗಲ್ಲ. ಐದು, ಶುಕ್ರವಾರ ಸಂಜೆ ಕಟ್ಟೆಯ ಮೇಲೆ ನೋಟುಬುಕ್ಕು ತೋರಿಸುವುದು, ಸುಳ್ಳು ಬರೆಯದೆ. ದೀಪಾವಳಿಯ ಬಗ್ಗೆ ಕೇಳಿದಾಗ ಆಪಾ ತೀರ್ಪು ಕೊಟ್ಟರು: "ಹಬ್ಬದ ದಿನ ಹಬ್ಬದ ಊಟ ಮಾಡೋಣ್ರೀ. ಹಬ್ಬ ಅಲ್ಲದ ದಿನಾನೂ ಹಬ್ಬ ಮಾಡೂದು ಬ್ಯಾಡ."

ಇನ್ನು ನಿಮ್ಮನ್ನು ಕೇಳುವುದು ಮೂರೇ ಮಾತು. ನಿಮ್ಮ ತಾಟಿಗೆ ಬೇಕಾದಷ್ಟೇ ಹಾಕಿಸಿಕೊಳ್ಳಿ. ನೀವು ಬಿಟ್ಟದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ನಿಮ್ಮ ಅಮ್ಮನ ಹೊಟ್ಟೆಗೆ ಹೋಗುತ್ತದೆ. ಅಜ್ಜ ಅಜ್ಜಿಯರಿಗೆ ಏನು ಕಾಯಿಲೆಯಿತ್ತು, ಅಪ್ಪ ಅಮ್ಮ ಯಾವ ಮಾತ್ರೆ ನುಂಗುತ್ತಾರೆ ಎಂದು ನೇರವಾಗಿ ಕೇಳಿ. ನಿಮ್ಮ ಕಾಗದವನ್ನೂ ಮುಚ್ಚಿಡದೆ ತೋರಿಸಿ. ಮೂರನೆಯದು, ಇವತ್ತು ರಾತ್ರಿ ಅಮ್ಮ "ನೀವೆಲ್ಲ ಉಣ್ಣಿರಿ, ನಂದು ಆಮೇಲೆ" ಎಂದಾಗ ಸುಮ್ಮನೆ ಕೇಳಬೇಡಿ. ಇನ್ನೊಂದು ತಾಟು ಇಟ್ಟು, ಕೈಹಿಡಿದು ಕೂರಿಸಿ, ನೀವೇ ಬಡಿಸಿ.

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ನಮ್ಮ ಮೊದಲ ವಾರವೋ ಎರಡನೆಯ ವಾರವೋ ನಡೆದಿರುತ್ತದೆ. ಸೋತರೂ ಗೆದ್ದರೂ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ. ಹಾಸನದ ಅಕ್ಕನ ಮಾತ್ರೆಯ ಡಬ್ಬಿ ಈಗ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿದೆ. ಜಾಡಿಯನ್ನು ಯಾವಾಗ ತೆಗೆಯುತ್ತೀರಿ ಎಂದು ನಾವು ಕೇಳುತ್ತಲೇ ಇದ್ದೇವೆ.